ಹನ್ನೊಂದನೇ ಸಾಲಿನ ದೀಪದಂಗಡಿ

ನನ್ನ ಅಂಗಡಿ ಒಂದು ಹಡಗಿನ ಕಂಟೇನರು.
ಸಮುದ್ರ ನೋಡಿದ್ದು ಅದು, ನಾನಲ್ಲ.
ದೋರ್ದೋಯ್ ಸಂತೆ, ಹನ್ನೊಂದನೇ ಸಾಲು,
ಕೆಳಗೆ ವ್ಯಾಪಾರ, ಮೇಲೆ ಗೋದಾಮು.
ಇಲ್ಲಿ ಬೆಳಕು ಡಬ್ಬದಲ್ಲಿ ಸಿಗುತ್ತದೆ,
ವ್ಯಾಟಿನ ಲೆಕ್ಕದಲ್ಲಿ, ಗ್ಯಾರಂಟಿ ಆರು ತಿಂಗಳು.

ಮಾರ್ಚಿಯ ಮಂಗಳವಾರ. ಹಿಮ ಕರಗಿ ದಾರಿಯೆಲ್ಲ ರಾಡಿ.
ಅತ್‌ಬಾಶಿಯಿಂದ ರಾತ್ರಿಯಿಡೀ ವ್ಯಾನಿನಲ್ಲಿ ಕೂತು ಬಂದವಳು
ಬುರುಲ್ಚಾ. ಹೆಸರು ಆಮೇಲೆ ರಸೀದಿಗೆಂದು ಕೇಳಿದ್ದು.
"ಮಾಲಿನ ಫೋಟೋ ತೆಗೆಯಲು ಏನೇನು ಬೇಕು?"
ಈ ಪ್ರಶ್ನೆಗೆ ನನ್ನ ಉತ್ತರ ಬಾಯಿಪಾಠ:
ಅತಿ ದುಬಾರಿ ಕ್ಯಾಮೆರಾದಿಂದ ಶುರು ಮಾಡಿ
ಗಿರಾಕಿಯ ಮುಖ ನೋಡುತ್ತ ನೋಡುತ್ತ
ಒಂದೊಂದೇ ಮೆಟ್ಟಿಲು ಇಳಿಯುವುದು.

ಅವಳು ಇಳಿಯಗೊಡಲಿಲ್ಲ. ಫೋನು ತೋರಿಸಿದಳು,
ಗಾಜು ಸೀಳಿ ಜೇಡರ ಬಲೆ.
"ಇದರ ಕಣ್ಣು ನೆಟ್ಟಗಿದೆ. ಕ್ಯಾಮೆರಾ ಬೇಡ."

ಚೀಲದಿಂದ ಒಂದೇ ಒಂದು ಮೆಟ್ಟು ತೆಗೆದಿಟ್ಟಳು, ಎಡಗಾಲಿನದು.
ಒತ್ತುಣ್ಣೆಯದು. ಬಣ್ಣ ಹಾಕಿದ್ದಲ್ಲ,
ನಾಲ್ಕು ಕುರಿಗಳ ಬೂದು ಬೆರೆಸಿ ಬಡಿದದ್ದು.
ಜರ್ಮನಿಯಿಂದ ವಾಪಸು ಬಂದಿದೆಯಂತೆ.
"ಫೋಟೋದಲ್ಲಿ ನೀಲಿ ಇತ್ತು, ಬಂದದ್ದು ಬೂದು" ಎಂದು ಚೀಟಿ.
ಅಂಚೆಗೆ ತೆತ್ತದ್ದು ಮೆಟ್ಟಿನ ಬೆಲೆಗಿಂತ ಹೆಚ್ಚು.

ನಾನು ಬಿಳಿ ಬಟ್ಟೆಯ ಪುಟ್ಟ ಡೇರೆ ಬಿಡಿಸಿ ಹಿಡಿದೆ.
ಇದರೊಳಗೆ ಇಟ್ಟರೆ ನೆರಳೇ ಬೀಳದು ಅಂದೆ.
ನಕ್ಕಳು. ಹಲ್ಲೊಂದು ಚಿನ್ನದ್ದು.
"ಹೋದ ವರ್ಷ ಮಾವನ ಡೇರೆ ಮಾರಿದೆವು,
ಪ್ರವಾಸಿಗರ ಶಿಬಿರಕ್ಕೆ, ಹನ್ನೆರಡು ಜನ ಮಲಗುವಂಥದ್ದು.
ಈಗ ಮೆಟ್ಟಿಗೊಂದು ಡೇರೆ ಕೊಳ್ಳಲೇ?
ಅಲ್ಲದೆ, ನೆರಳಿಲ್ಲದ ಮೆಟ್ಟು ನೆಲ ಮುಟ್ಟಿದೆ ಅಂತ
ಯಾರು ನಂಬುತ್ತಾರೆ?"

ಹಾಸಿಗೆ ಇದ್ದಷ್ಟೇ ಕಾಲು ಚಾಚುವವಳು, ಸರಿ.
ಆದರೆ ಕಾಲು ಅಷ್ಟೇ ಇದ್ದರೂ ಕಣ್ಣು ಉದ್ದ.
ಇರುವ ದೀಪವೆಲ್ಲ ಹಚ್ಚಿ ಅಂದಳು.
ಹದಿಮೂರು ಹಚ್ಚಿದೆ. ಕಂಟೇನರು ಆಸ್ಪತ್ರೆಯಾಯಿತು.
ಒಂದೊಂದರ ಕೆಳಗೂ ಮೆಟ್ಟು ಇಟ್ಟು ನೋಡುವಳು,
ಬಾಗಿಲಿಗೆ ಓಡುವಳು, ಮೋಡದ ಬೆಳಕಿಗೆ ಹಿಡಿಯುವಳು,
ಮತ್ತೆ ಒಳಗೆ.
"ಇದು ಜ್ವರದ ಕುರಿ."
"ಇದು ಹಾಲಿಗೆ ನೀರು."
"ಇದು ಸತ್ತು ಮೂರು ದಿನ."
ಎಲ್ಲವೂ ಐದು ಸಾವಿರದ ಐನೂರು ಕೆಲ್ವಿನ್, ಡಬ್ಬ ಓದಮ್ಮ ಅಂದೆ.
"ಡಬ್ಬ ಓದಲು ಬರುತ್ತದೆ," ಅಂದಳು,
"ಕುರಿಯನ್ನೂ."

ಎದುರಂಗಡಿಯ ಟೋಪಿ ಮಾರುವವನು ಬಂದು ನಿಂತ. ಚಹಾ ತಣಿಯಿತು.

ಆಗ ತಲೆಯೆತ್ತಿ ನೋಡಿದಳು, ನನ್ನ ರಿಪೇರಿ ಮೇಜಿನ ಮೇಲೆ
ತಂತಿಯಲ್ಲಿ ನೇತುಬಿದ್ದ ಹಳೆಯದನ್ನು.
ಅಚ್ಚುಕೂಟವೊಂದು ಮುಚ್ಚಿದಾಗ ಗುಜರಿಯಲ್ಲಿ ಸಿಕ್ಕಿದ್ದು,
ಶಾಯಿಯ ಬಣ್ಣ ಒಪ್ಪಿಸಿ ನೋಡುತ್ತಿದ್ದ ದೀಪ.
ಕೇಳದೆಯೇ ಸ್ಕ್ರೂ ಸರಿಸಿ ಮೆಟ್ಟು ಇಟ್ಟಳು.
ಬಾಗಿಲಿಗೆ ಹೋದಳು. ಬಂದಳು.
ಏನೂ ಹೇಳಲಿಲ್ಲ. ಅಂಗೈಯಿಂದ ಮೆಟ್ಟನ್ನು
ಒಮ್ಮೆ ಸವರಿದಳು, ಅಷ್ಟೆ.

ಅದು ಮಾರುವುದಕ್ಕಲ್ಲ ಅಂದೆ.
"ಸ್ಕ್ರೂಗೆ ಯಾವ ಬಣ್ಣ?" ಕೇಳಿದಳು.

ಬೆನ್ನಟ್ಟಿ ಓಡಿಸಲೆಂದೇ ಒಂಬತ್ತು ಸಾವಿರ ಸೋಮ್ ಎಂದೆ.
ಎರಡು ಸಾವಿರಕ್ಕೆ ಬಂದು ನಿಂತದ್ದು ಹೇಗೋ ಗೊತ್ತಿಲ್ಲ.
ಜೊತೆಗೆ ಮುಕ್ಕಾಲಿ ಸ್ಟ್ಯಾಂಡು ಒಂದು, ಅಗ್ಗದ್ದು,
ಅದರ ಕಾಲುಗಳನ್ನು ಮಾತ್ರ ಎಳೆದು ಎಳೆದು ಪರೀಕ್ಷಿಸಿದಳು,
ಕುದುರೆ ಕೊಳ್ಳುವವರ ಹಾಗೆ.
ಬಿಳಿ ಬಟ್ಟೆ ಎರಡು ಮೀಟರು, ಅದು ಪಕ್ಕದ ಸಾಲಿನಲ್ಲಿ.
ದೀಪವನ್ನು ಮೆಟ್ಟಿನೊಳಗೆ ತುರುಕಿ
ಒಡೆಯದ ಹಾಗೆ ಚೀಲದಲ್ಲಿಟ್ಟು ಹೊರಟಳು.

ಸಂಜೆ ಬಾಗಿಲೆಳೆದು ಫೋನಿನ ಬೆಳಕಿನಲ್ಲಿ ಲೆಕ್ಕ ಬರೆದೆ.
ಹದಿಮೂರು ದೀಪ ಸುತ್ತಲೂ ಇದ್ದವು,
ಸ್ವಿಚ್ಚು ಕೈಗೆ ಎಟಕುವಷ್ಟು ಹತ್ತಿರ.
ಯಾವುದನ್ನು ಹಚ್ಚುವುದು?
ಮೈಮೇಲಿನ ಕೋಟು ಕಪ್ಪೆಂದೇ
ಏಳು ವರ್ಷದಿಂದ ತಿಳಿದಿದ್ದೇನೆ.